ಲಾಟರಿ ಹೊಡೆದಿದೆ ಅಂತ ಮೇಲ್ ಬಂದರೆ ಸೀಲು ನೋಡಬೇಡಿ, ದುಡ್ಡು ಯಾರ ಖಾತೆಗೆ ಹೋಗುತ್ತಿದೆ ನೋಡಿ

ಕೊಡಗಿನವರೆಲ್ಲ ದಯವಿಟ್ಟು ಪೂರ್ತಿ ಓದಿ. ಮಕ್ಕಳೆಲ್ಲ ಬೆಂಗಳೂರಲ್ಲೋ ದುಬೈಯಲ್ಲೋ ಇದ್ದು, ತೋಟದ ಮನೆಯಲ್ಲಿ ಅಪ್ಪ-ಅಮ್ಮ ಇಬ್ಬರೇ ಇದ್ದರೆ ಅವರಿಗೆ ಫೋನ್ ಮಾಡಿ ಓದಿ ಹೇಳಿ. ವಿರಾಜಪೇಟೆ ತಾಲ್ಲೂಕಿನ ಒಬ್ಬ ನಿವೃತ್ತ ಸೈನಿಕರಿಗೆ ಇಮೇಲ್ ಲಾಟರಿಯವರು ನಾಲ್ಕು ಕಂತಿನಲ್ಲಿ 3,72,300 ರೂಪಾಯಿ ಪಂಗನಾಮ ಹಾಕಿದ್ದಾರೆ. ಪಿಂಚಣಿ ದುಡ್ಡು, ಜೊತೆಗೆ ಈ ಸಲದ ರೋಬಸ್ಟಾ ಕಾಫಿ ಮಾರಿದ ದುಡ್ಡು. ಹೆಸರು ಹಾಕಬೇಡಿ, ಊರಲ್ಲಿ ತಲೆ ಎತ್ತಿ ನಡೆಯೋಕಾಗಲ್ಲ ಅಂದಿದ್ದಾರೆ, ಹಾಕುವುದಿಲ್ಲ. ಆದರೆ ಹೋದ ಮೇಲ್, ಬಂದ ಮೇಲ್ ಎಲ್ಲವನ್ನೂ ಅವರೇ ಕೊಟ್ಟು ಬರೀರಿ ಅಂದಿದ್ದಾರೆ. ಓದಿದರೆ ಮೈ ಉರಿಯುತ್ತದೆ. ಸರ್, ಸರ್ ಅಂತಲೇ ಸುಲಿದಿದ್ದಾರೆ.

ಮೊದಲ ಮೇಲ್‌ನಲ್ಲಿದ್ದದ್ದು ಇಷ್ಟು. ಬ್ರಿಟನ್‌ನ ನ್ಯಾಷನಲ್ ಲಾಟರಿಯಲ್ಲಿ ನಿಮ್ಮ ಇಮೇಲ್ ಐಡಿಯನ್ನು ಕಂಪ್ಯೂಟರ್ ಆರಿಸಿದೆ, 5,00,000 ಪೌಂಡ್ ಬಂದಿದೆ, ಹಣವನ್ನು ರಿಸರ್ವ್ ಬ್ಯಾಂಕಿನ ಮೂಲಕ ಕೊಡುತ್ತೇವೆ, 48 ಗಂಟೆಯೊಳಗೆ ಉತ್ತರಿಸಿ, ಬಹುಮಾನ ಕೈ ಸೇರುವವರೆಗೆ ಯಾರಿಗೂ ಹೇಳಬೇಡಿ. ಜೊತೆಗೆ ಒಂದು ಪಿಡಿಎಫ್. ಮೇಲೆ ನಾಲ್ಕು ಸಿಂಹ, ಕೆಳಗೆ ನೇರಳೆ ಬಣ್ಣದ ದುಂಡು ಸೀಲು, ಗವರ್ನರ್ ಸಹಿ, ಟಿಕೆಟ್ ನಂಬರ್, ಬ್ಯಾಚ್ ನಂಬರ್, ರೆಫರೆನ್ಸ್ ನಂಬರ್. ಮೂರು ಮೂರು ನಂಬರ್ ಕೊಟ್ಟಿದ್ದಾರೆ, ಮನುಷ್ಯನ ಹೆಸರು ಮಾತ್ರ ಎಲ್ಲೂ ಇಲ್ಲ. 'ಆತ್ಮೀಯ ವಿಜೇತರೇ' ಅಷ್ಟೇ.

ಕಳಿಸಿದವರ ಜಾಗದಲ್ಲಿ ರಿಸರ್ವ್ ಬ್ಯಾಂಕ್ ವಿದೇಶಿ ಪಾವತಿ ವಿಭಾಗ ಅಂತ ದಪ್ಪಕ್ಷರದಲ್ಲಿದೆ. ಆ ಹೆಸರನ್ನು ಯಾರು ಏನು ಬೇಕಾದರೂ ಹಾಕಿಕೊಳ್ಳಬಹುದು. ಅದರ ಮೇಲೆ ಒತ್ತಿದರೆ ಒಳಗಿನ ವಿಳಾಸ ಕಾಣುತ್ತದೆ. ಇಲ್ಲಿ ಕಂಡದ್ದು ಪುಕ್ಕಟೆ ಜಿಮೇಲ್ ವಿಳಾಸ. ರಿಪ್ಲೈ ಒತ್ತಿದರೆ ಉತ್ತರ ಹೋಗುವುದು ಮೂರನೆಯ ಇನ್ಯಾವುದೋ ವಿಳಾಸಕ್ಕೆ. 'ಟು' ಜಾಗದಲ್ಲಿ ಇವರ ವಿಳಾಸವೇ ಇಲ್ಲ, ಅಂದರೆ ಇದೇ 'ಬಹುಮಾನ' ಸಾವಿರಾರು ಜನರಿಗೆ ಒಟ್ಟಿಗೆ ಹೋಗಿದೆ. ಯಾರೋ ಹುಡುಗ ಹೆಡರ್ (ಮೇಲ್ ಎಲ್ಲಿಂದ ಹೇಗೆ ಬಂತು ಅನ್ನುವ ಒಳಗಿನ ದಾಖಲೆ) ತೆಗೆದು ನೋಡಿ 'ಎಸ್‌ಪಿಎಫ್ ಪಾಸ್, ಡಿಕಿಮ್ ಪಾಸ್, ಮೇಲ್ ಅಸಲಿ' ಅಂದನಂತೆ. ಅರ್ಧ ಗೊತ್ತಿದ್ದವರ ಉಪದ್ರ ಇದು! ಇವು ಮೇಲ್ ಎಲ್ಲಿಂದ ಹೊರಟಿತು ಅಂತ ನೋಡುವ ಪರೀಕ್ಷೆಗಳು. ಪಾಸ್ ಅಂದರೆ ಮೇಲ್ ನಿಜವಾಗಿ ಜಿಮೇಲ್‌ನಿಂದಲೇ ಹೊರಟಿದೆ ಅಂತ, ಕಳಿಸಿದವನು ಸಾಚಾ ಅಂತಲ್ಲ. ಕಳ್ಳನೂ ಜಿಮೇಲ್ ಖಾತೆ ತೆರೆದರೆ ಪಾಸ್ ಬಂದೇ ಬರುತ್ತದೆ.

ಪಿಡಿಎಫ್ ಅಡಿಯಲ್ಲಿ ಲಾಟರಿ ನಡೆಸುವ ಕಂಪನಿ ಅಂತ ಕ್ಯಾಮೆಲಾಟ್ ಹೆಸರಿದೆ. ಕ್ಯಾಮೆಲಾಟ್ ಆ ಲಾಟರಿ ನಡೆಸಿದ್ದು 1994ರಿಂದ 2024ರ ಜನವರಿವರೆಗೆ. 2024ರ ಫೆಬ್ರವರಿ 1ರಿಂದ ನಡೆಸುತ್ತಿರುವುದು ಆಲ್ವಿನ್. ಹಳೆಯ ಲೆಟರ್‌ಹೆಡ್ಡನ್ನೇ ವರ್ಷಗಟ್ಟಲೆ ತಿಕ್ಕುತ್ತಿದ್ದಾರೆ, ಬದಲಾಯಿಸುವಷ್ಟು ಪುರುಸೊತ್ತೂ ಇಲ್ಲ. ಆ ಟಿಕೆಟ್ ಅಲ್ಲಿನ ನೆಲದಲ್ಲೇ ಕೊಳ್ಳಬೇಕು. ಇಮೇಲ್ ಐಡಿ ಆರಿಸಿ ಬಹುಮಾನ ಕೊಡುವ ಲಾಟರಿ ಪ್ರಪಂಚದಲ್ಲೇ ಇಲ್ಲ. ಟಿಕೆಟ್ ಕೊಂಡಿಲ್ಲ ಅಂದರೆ ಬಹುಮಾನ ಇಲ್ಲ. ಮುಗಿಯಿತು.

ನಮ್ಮ ಕಡೆಯವರು ಇದನ್ನು ಸುಲಭವಾಗಿ ನಂಬಲು ಕಾರಣ ಇದೆ. 2007ರಿಂದ ಕರ್ನಾಟಕದಲ್ಲಿ ಲಾಟರಿ ನಿಷೇಧ, ಆದರೆ ಗಡಿ ದಾಟಿ ಕೇರಳಕ್ಕೆ ಹೋದರೆ ಎಲ್ಲಾ ಕಡೆ ಲಾಟರಿ. ಮಾಕುಟ್ಟ ಇಳಿದು ಕೂಟುಪೊಳೆ ದಾಟಿ, ಕುಟ್ಟ ದಾಟಿ ತೋಲ್ಪೆಟ್ಟಿಗೆ ಹೋಗಿ ಟಿಕೆಟ್ ತಂದು ಜೇಬಲ್ಲಿಟ್ಟುಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ. 2024ರ ಓಣಂ ಬಂಪರ್‌ನ 25 ಕೋಟಿ ಮಂಡ್ಯ ಜಿಲ್ಲೆಯ ಒಬ್ಬ ಮೆಕ್ಯಾನಿಕ್‌ಗೆ ಬಂತು, ಟಿಕೆಟ್ ವಯನಾಡಿನದ್ದು. ಪಕ್ಕದವನಿಗೆ ಬಂದದ್ದು ನಮಗೂ ಯಾಕೆ ಬರಬಾರದು ಅನ್ನಿಸುವುದು ಸಹಜ. ಆದರೆ ಆ ಅಸಲಿ ಲಾಟರಿ ಹೇಗೆ ನಡೆಯುತ್ತದೆ ನೋಡಿ. 1967ರಿಂದ ಕೇರಳ ಸರ್ಕಾರ ನಡೆಸುತ್ತಿರುವುದು ಕಾಗದದ ಟಿಕೆಟ್, ಆನ್‌ಲೈನ್ ಮಾರಾಟವೇ ಇಲ್ಲ. ಫಲಿತಾಂಶವನ್ನು ನಾವೇ ಹುಡುಕಿ ನೋಡಿಕೊಳ್ಳಬೇಕು, ಅವರು ನಮ್ಮನ್ನು ಹುಡುಕಿಕೊಂಡು ಮೇಲ್ ಕಳಿಸುವುದಿಲ್ಲ. 5,000 ರೂಪಾಯಿವರೆಗೆ ಅಲ್ಲಿನ ಅಂಗಡಿಯಲ್ಲೇ ಕೊಡುತ್ತಾರೆ. ಅದಕ್ಕಿಂತ ಹೆಚ್ಚಾದರೆ 30 ದಿನದೊಳಗೆ ಮೂಲ ಟಿಕೆಟ್, ಗುರುತಿನ ಚೀಟಿ, ಪ್ಯಾನ್ ಸಮೇತ ಹೋಗಬೇಕು. 25 ಕೋಟಿಯಲ್ಲಿ 10% ಏಜೆಂಟ್ ಕಮಿಷನ್ ಹಿಡಿಯುತ್ತಾರೆ, ಉಳಿದ 22.5 ಕೋಟಿ ಮೇಲೆ 30% ತೆರಿಗೆ ಹಿಡಿಯುತ್ತಾರೆ, 15.75 ಕೋಟಿ ಉಳಿಯುತ್ತದೆ, ಸರ್ಚಾರ್ಜ್ ಮತ್ತು ಸೆಸ್ ಲೆಕ್ಕ ಬೇರೆ. ಹಿಡಿಯುತ್ತಾರೆ ಅನ್ನುವುದನ್ನು ಗಮನಿಸಿ. ಗೆದ್ದವನು ಮೊದಲು ಎಲ್ಲಿಗೂ ಐದು ಪೈಸೆ ಕಳಿಸುವುದಿಲ್ಲ.

ಈಗ ಆ ನಾಲ್ಕು ಕಂತಿಗೆ ಬರುತ್ತೇನೆ. ಉತ್ತರ ಕಳಿಸಿದ ತಕ್ಷಣ ಒಂದು ಫಾರ್ಮ್ ಬಂತು. ಹೆಸರು, ವಿಳಾಸ, ಪ್ಯಾನ್, ಆಧಾರ್, ಖಾತೆ ನಂಬರ್, ವೃತ್ತಿ, ತಿಂಗಳ ಆದಾಯ, ಹತ್ತಿರದ ಸಂಬಂಧಿಕರು ಯಾರು. ಬಹುಮಾನ ಕೊಡುವವನಿಗೆ ನಿಮ್ಮ ತಿಂಗಳ ಆದಾಯ ಯಾಕೆ? ಎಷ್ಟು ಹಿಂಡಬಹುದು ಅಂತ ಅಳೆಯಲು. ಇವರು ನಿಯತ್ತಾಗಿ 'ಸೇನಾ ಪಿಂಚಣಿ, ಕಾಫಿ ಬೆಳೆಗಾರ' ಅಂತ ತುಂಬಿದ್ದಾರೆ.

ಮೊದಲು ಫೈಲ್ ಪ್ರೊಸೆಸಿಂಗ್ ಅಂತ 18,500. ಚಿಕ್ಕದಾಗಿಯೇ ಶುರು ಮಾಡುತ್ತಾರೆ, ಒಮ್ಮೆ ಕೊಟ್ಟವನು ಆ ದುಡ್ಡು ಉಳಿಸಿಕೊಳ್ಳಲು ಮತ್ತೆ ಕೊಡುತ್ತಾನೆ ಅಂತ ಅವರಿಗೆ ಗೊತ್ತು. ಆಮೇಲೆ ಬ್ರಿಟಿಷ್ ತೆರಿಗೆ ಕ್ಲಿಯರೆನ್ಸ್ ಅಂತ 46,800. ಬ್ರಿಟನ್‌ನಲ್ಲಿ ಲಾಟರಿ ಬಹುಮಾನಕ್ಕೆ ಆದಾಯ ತೆರಿಗೆಯೇ ಇಲ್ಲ, ಕ್ಲಿಯರೆನ್ಸ್ ಯಾವುದರದ್ದು?

ಇಲ್ಲಿ ಇವರಿಗೂ ಸಂಶಯ ಬಂದಿದೆ. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ: 'ಈ ಶುಲ್ಕವನ್ನು ಬಹುಮಾನದ ಹಣದಲ್ಲೇ ಕಳೆದುಕೊಂಡು ಉಳಿದದ್ದು ಕೊಡಿ.' ಬಂದ ಉತ್ತರ ಓದಿ: 'ಸರ್, ನಿಮ್ಮ ಬಹುಮಾನಕ್ಕೆ ವಿಮಾ ಬಾಂಡ್ ಇದೆ. ನಿಮ್ಮ ಖಾತೆ ಸೇರುವವರೆಗೆ ಅದರಿಂದ ಒಂದು ಪೆನ್ನಿಯನ್ನೂ ತೆಗೆಯುವಂತಿಲ್ಲ. ಇದು ನಿಮ್ಮ ಸುರಕ್ಷತೆಗೇ ಮಾಡಿದ ನಿಯಮ.' ಎಷ್ಟು ನಯ! ಈ ವಿಮಾ ಬಾಂಡ್ ಅನ್ನುವುದು ಈ ವಂಚಕರೆಲ್ಲರ ಸಿದ್ಧ ಉತ್ತರ, ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. ಇದೊಂದು ಸಾಲು ಕಂಡರೆ ಸಾಕು, ಮುಂದೆ ಓದುವ ಅಗತ್ಯವಿಲ್ಲ, ಅದು ಮೋಸ.

ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದಾರೆ. ರಿಸರ್ವ್ ಬ್ಯಾಂಕಿಗೆ ಕಟ್ಟುವ ದುಡ್ಡು ಯಾರದೋ ಉಳಿತಾಯ ಖಾತೆಗೆ ಯಾಕೆ? ಉತ್ತರ: 'ಅವರು ನಮ್ಮ ಅಧಿಕೃತ ಕ್ಯಾಷಿಯರ್ ಸರ್.' ನಾಲ್ಕು ಕಂತಿಗೆ ನಾಲ್ಕು ಬೇರೆ ಕ್ಯಾಷಿಯರ್‌ಗಳು, ನಾಲ್ಕು ಬೇರೆ ಬ್ಯಾಂಕ್! ನಾನು ಹೇಳಬೇಕೆಂದಿರುವುದು ಇದನ್ನೇ. ಸೀಲು, ಸಿಂಹ, ಸಹಿ ಎಲ್ಲವನ್ನೂ ಹತ್ತು ನಿಮಿಷದಲ್ಲಿ ತಯಾರಿಸಬಹುದು. ಖಾತೆ ಹಾಗಲ್ಲ, ದುಡ್ಡು ನಿಜವಾಗಿ ಒಂದು ಕಡೆ ಹೋಗಿ ಬೀಳಲೇಬೇಕು. ಐಎಫ್‌ಎಸ್‌ಸಿ ಕೋಡಿನಲ್ಲಿ 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನದ್ದು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯದ್ದು. ಹುಡುಕಿದರೆ ಯಾವ ಊರಿನ ಯಾವ ಶಾಖೆ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಇಲ್ಲಿನ ನಾಲ್ಕೂ ಹೊರರಾಜ್ಯದ ಶಾಖೆಗಳು, ನಾಲ್ಕೂ ಖಾಸಗಿ ವ್ಯಕ್ತಿಗಳ ಖಾತೆ. ಬಾಡಿಗೆಗೆ ಕೊಟ್ಟ ಖಾತೆಗಳು ಇವು. ಬಿದ್ದ ದುಡ್ಡು ನಿಮಿಷಗಳಲ್ಲಿ ಮತ್ತೊಂದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಹೋಗಿ ಎಟಿಎಂನಲ್ಲಿ ಹೊರಬರುತ್ತದೆ. ರಿಸರ್ವ್ ಬ್ಯಾಂಕ್ ಸಾಮಾನ್ಯ ಜನರಿಗೆ ಖಾತೆಯನ್ನೇ ತೆರೆಯುವುದಿಲ್ಲ, ಲಾಟರಿ ದುಡ್ಡು ಹಂಚುವುದೂ ಇಲ್ಲ. ಲಾಟರಿ ಟಿಕೆಟ್‌ಗೆ ಅಂತ ವಿದೇಶಕ್ಕೆ ಹಣ ಕಳಿಸುವುದನ್ನೇ ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾದ 2000ದ ನಿಯಮಗಳು ನಿಷೇಧಿಸಿವೆ.

ಮೂರನೆಯ ಕಂತಿಗೆ ಆಟ ಬದಲಾಯಿತು. ಒಂದು ಬ್ಯಾಂಕಿನ ವೆಬ್‌ಸೈಟ್ ಲಿಂಕ್, ಇವರ ಹೆಸರಿಗೆ ಯೂಸರ್ ಐಡಿ, ಪಾಸ್‌ವರ್ಡ್. ತೆರೆದರೆ ತಮ್ಮದೇ ಹೆಸರು, ಬ್ಯಾಲೆನ್ಸ್ ಐದು ಕೋಟಿ ಚಿಲ್ಲರೆ. ಟ್ರಾನ್ಸ್‌ಫರ್ ಒತ್ತಿ ಅಂದರು, ಒತ್ತಿದರು. ಹಸಿರು ಪಟ್ಟಿ ಏರುತ್ತಾ ಹೋಗಿ 70 ಪರ್ಸೆಂಟಿಗೆ ನಿಂತಿತು. 'ಸಿಒಟಿ ಕೋಡ್ ಹಾಕಿ.' ವರ್ಗಾವಣೆ ಶುಲ್ಕದ ಕೋಡ್ ಅಂತೆ. ಕೋಡಿಗೆ 1,12,000. ಕಟ್ಟಿದರು, ಕೋಡ್ ಬಂತು, ಪಟ್ಟಿ ಮತ್ತೆ ಏರಿ 90ಕ್ಕೆ ನಿಂತಿತು. 'ಭಯೋತ್ಪಾದನಾ ನಿಗ್ರಹ ಪ್ರಮಾಣಪತ್ರ ಬೇಕು.' 1,95,000. ಹತ್ತು ಪರ್ಸೆಂಟ್ ಬಾಕಿ ಅಂತ ಕಣ್ಣೆದುರು ಕಾಣುತ್ತಿರುವಾಗ ಯಾರಿಗಾದರೂ ಕೈ ತಡೆಯುವುದು ಕಷ್ಟವೇ. ಆದರೆ ಆ ಪುಟದ ಹಿಂದೆ ಬ್ಯಾಂಕೂ ಇಲ್ಲ, ಏನೂ ಇಲ್ಲ. ಬ್ಯಾಲೆನ್ಸ್ ಕೈಯಲ್ಲಿ ಟೈಪ್ ಮಾಡಿದ ಸಂಖ್ಯೆ, ಪಟ್ಟಿ ಎಲ್ಲಿ ನಿಲ್ಲಬೇಕೆಂದು ಮೊದಲೇ ಬರೆದಿಟ್ಟದ್ದು. ವಿಳಾಸದ ಪಕ್ಕ ಬೀಗದ ಗುರುತಿತ್ತಲ್ಲ ಅಂತ ಕೇಳುತ್ತಾರೆ. ಆ ಬೀಗ ಪುಕ್ಕಟೆಯಾಗಿ ಯಾರಿಗೂ ಸಿಗುತ್ತದೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಈ ಸಾಲಿಗೆ. 'ಬ್ಯಾಂಕಿನಲ್ಲಿ ಕೇಳಿದರೆ ಸಂಬಂಧಿಕರಿಗೆ ಕಳಿಸುತ್ತಿದ್ದೇನೆ ಅನ್ನಿ ಸರ್, ಲಾಟರಿ ಅಂದರೆ ಹೊಟ್ಟೆಕಿಚ್ಚು ಪಡುತ್ತಾರೆ.' ಕೌಂಟರ್‌ನಲ್ಲಿ ಕೇಳಿಯೂ ಕೇಳಿದ್ದರಂತೆ. ಇವರು ಸಂಬಂಧಿಕರಿಗೆ ಅಂದರಂತೆ. ದುಡ್ಡು ಕಡಿಮೆ ಬಿತ್ತು ಅಂದಾಗ ಬಂದದ್ದು: 'ಕಾಫಿ ಮಾರಿಲ್ಲವಾ ಸರ್? ಈಗ ಒಳ್ಳೆ ರೇಟ್ ಇದೆಯಲ್ಲ.' ಫಾರ್ಮಿನಲ್ಲಿ ತುಂಬಿದ ವೃತ್ತಿ ಎಲ್ಲಿ ಕೆಲಸಕ್ಕೆ ಬಂತು ನೋಡಿ. ಐದನೆಯ ಸಲ 2,40,000 ಕೇಳಿದಾಗ ಆಗಲ್ಲ ಅಂದರು. 'ಸರ್' ಹೋಯಿತು, 'ನಿಮ್ಮ ಮೇಲೆ ಮನಿ ಲಾಂಡರಿಂಗ್ ಕೇಸ್ ಹಾಕುತ್ತೇವೆ' ಬಂತು. ಮಳೆಗಾಲದ ಇಂಬಳದ ಹಾಗೆ ಈ ವಂಚಕರು, ಕಚ್ಚಿದ್ದು ಗೊತ್ತಾಗುವುದು ರಕ್ತ ಕುಡಿದು ಉದುರಿದ ಮೇಲೆ.

ಆ ನಿವೃತ್ತ ಸೈನಿಕರು ಮರ್ಯಾದೆಗೆ ಅಂಜಿ ಮನೆಯಲ್ಲೂ ಹೇಳದೆ ದಿನ ಕಳೆದರು. ಅಷ್ಟರಲ್ಲಿ ದುಡ್ಡು ಎಲ್ಲೆಲ್ಲಿಗೋ ಹೋಗಿತ್ತು. ಹಾಗೆ ಮಾಡಬೇಡಿ. ಕಳಿಸಿದ್ದು ಗೊತ್ತಾದ ಗಂಟೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಖಾತೆಯಲ್ಲಿ ಇನ್ನೂ ದುಡ್ಡಿದ್ದರೆ ತಡೆಹಿಡಿಯಬಹುದು, ತೆಗೆದಾದ ಮೇಲೆ ತಡೆಯಲು ಏನೂ ಇರುವುದಿಲ್ಲ. ಕರೆ ಮಾಡುವಾಗ ಕೈಯಲ್ಲಿ ಇರಬೇಕಾದದ್ದು ಮೊತ್ತ, ತಾರೀಖು, ಸಮಯ, ನಿಮ್ಮ ಬ್ಯಾಂಕ್, ಅವರ ಖಾತೆ ನಂಬರ್, ಮತ್ತು ಯುಟಿಆರ್, ಅಂದರೆ ಆ ವರ್ಗಾವಣೆಯ ಗುರುತಿನ ಸಂಖ್ಯೆ. ಯುಪಿಐ ಆದರೆ ಅದು 12 ಅಂಕಿ, ಬ್ಯಾಂಕಿನಿಂದ ಬಂದ ಎಸ್ಎಂಎಸ್‌ನಲ್ಲೇ ಇರುತ್ತದೆ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲೂ ದಾಖಲಿಸಿ, ಸ್ವೀಕೃತಿ ನಂಬರ್ ಬರೆದಿಟ್ಟುಕೊಂಡು ಮಡಿಕೇರಿಯಲ್ಲಿ ಸೈಬರ್ ಅಪರಾಧದ ದೂರು ತೆಗೆದುಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ. ಬ್ಯಾಂಕ್ ಕೊಡುತ್ತದೆ ಅಂತ ಕಾಯಬೇಡಿ. ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಪೂರ್ತಿ ವಾಪಸ್ ಅನ್ನುವ 2017ರ ರಿಸರ್ವ್ ಬ್ಯಾಂಕ್ ನಿಯಮ ನಿಮಗೆ ಗೊತ್ತಿಲ್ಲದೆ ಬೇರೆಯವರು ತೆಗೆದ ದುಡ್ಡಿಗೆ. ನೀವೇ ಕೈಯಾರೆ ಕಳಿಸಿದ್ದಕ್ಕೆ ಅದು ಬರುವುದಿಲ್ಲ.

ಮೇಲ್ ಅಳಿಸಬೇಡಿ, ಫಾರ್ವರ್ಡ್ ಮಾಡಿಯೂ ಪ್ರಯೋಜನವಿಲ್ಲ, ಹೆಡರ್ ಕಳೆದುಹೋಗುತ್ತದೆ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಆ ಮೇಲ್‌ನ ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್'ಗೆ ಹೋಗಿ ಮೂಲ ಫೈಲ್ ಇಳಿಸಿಕೊಳ್ಳಿ. ಮೊಬೈಲ್ ಆ್ಯಪ್‌ನಲ್ಲಿ ಇದು ಸಿಗುವುದಿಲ್ಲ. ಆಧಾರ್, ಪ್ಯಾನ್ ಕಳಿಸಿದ್ದರೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ರಿಪೋರ್ಟ್ ತೆಗೆಸಿ ನಿಮ್ಮ ಹೆಸರಲ್ಲಿ ಯಾರಾದರೂ ಸಾಲ ಎತ್ತಿದ್ದಾರಾ ನೋಡಿ. 'ನಿಮ್ಮ ಖಾತೆಗೆ ಸ್ವಲ್ಪ ದುಡ್ಡು ಹಾಕುತ್ತೇವೆ, ಮುಂದಕ್ಕೆ ಕಳಿಸಿ' ಅಂದರಂತೂ ಮುಟ್ಟಲೇಬೇಡಿ. ಆಗ ನೀವೇ ಆ 'ಕ್ಯಾಷಿಯರ್' ಆಗುತ್ತೀರಿ, ಖಾತೆ ಫ್ರೀಜ್ ಆಗಿ ಪೊಲೀಸರು ನಿಮ್ಮ ಮನೆಗೇ ಬರುತ್ತಾರೆ.

ಇಷ್ಟಾದರೂ ಅವರು ಬಿಟ್ಟಿಲ್ಲ. ಈಗ ಅದೇ ಇನ್‌ಬಾಕ್ಸ್‌ಗೆ ಹೊಸ ಮೇಲ್ ಬಂದಿದೆ, ಸೈಬರ್ ಪೊಲೀಸ್ ಅಂತ ಹೆಸರು ಹಾಕಿಕೊಂಡು: ವಂಚಕರು ಸಿಕ್ಕಿಬಿದ್ದಿದ್ದಾರೆ, ನಿಮ್ಮ 3,72,300 ರೂಪಾಯಿ ವಾಪಸ್ ಕೊಡುತ್ತೇವೆ, ಕೋರ್ಟ್ ಶುಲ್ಕ 9,800 ಕಟ್ಟಿ. ಹೋದ ದುಡ್ಡಿನ ಲೆಕ್ಕ ರೂಪಾಯಿ ರೂಪಾಯಿ ಸರಿಯಾಗಿದೆ. ದೂರು ಕೊಡುವ ಮೊದಲೇ ಬಂದ ಮೇಲ್ ಇದು, ಕದ್ದವನಿಗಲ್ಲದೆ ಆ ಲೆಕ್ಕ ಇನ್ಯಾರಿಗೆ ಗೊತ್ತಿರಲು ಸಾಧ್ಯ? ಶುಲ್ಕ ಕಟ್ಟಬೇಕಾದ ಖಾತೆ ಮತ್ತೊಬ್ಬ ಖಾಸಗಿ ವ್ಯಕ್ತಿಯ ಉಳಿತಾಯ ಖಾತೆ. ಇಂಥದ್ದು ನಿಮಗೂ ಬಂದಿದ್ದರೆ ಉತ್ತರಿಸದೆ, ಅಳಿಸದೆ, ಆ ಖಾತೆ ನಂಬರ್ ಸಮೇತ ಠಾಣೆಗೆ ಕೊಡಿ. ಆ ಖಾತೆಯಲ್ಲಿ ಇನ್ನೊಬ್ಬರ ದುಡ್ಡು ಇನ್ನೂ ಉಳಿದಿರಬಹುದು.