ಜಾಲಿ ಇದ್ದಿಲು, ಕೋಕ್, ಗ್ಯಾಸ್: ಒಂದೇ ಕುರ್ಚಿಗಿಗೆ ಮೂರು ಬೆಂಕಿ

ಬಳ್ಳಾರಿಯಲ್ಲಿ ಮನೆ ಹಿತ್ತಲಲ್ಲಿ ಕುಲುಮೆ ಹಾಕಿಕೊಂಡವರು ನಾವು ಕೆಲವರಿದ್ದೇವೆ. ಯಾರಿಗೂ ಇದು ಹೊಟ್ಟೆಪಾಡಲ್ಲ. ಬಿಡುವಿದ್ದಾಗ ಸೇರುತ್ತೇವೆ, ಮಾಡಿದ್ದನ್ನು ಒಬ್ಬರಿಗೊಬ್ಬರು ತೋರಿಸುತ್ತೇವೆ. ಹೊಸಬರು ಬಂದರೆ ಮೊದಲು ಕೇಳುವುದು ಒಂದೇ ಮಾತು: ಯಾವ ಬೆಂಕಿ ಹಾಕಲಿ? ಅದಕ್ಕೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಗುಜರಿ ಅಂಗಡಿಯಿಂದ ತಂದ ಒಂದೇ ಲಾರಿ ಸ್ಪ್ರಿಂಗ್ ಪಟ್ಟಿಯನ್ನು ಕತ್ತರಿಸಿ, ಒಂದೇ ಅಳತೆಯ ಕುರ್ಚಿಗಿಯನ್ನು ಮೂರು ಬೆಂಕಿಯಲ್ಲೂ ಮಾಡಿದೆ. ಕಳೆ ತೆಗೆಯುವ ಕುರ್ಚಿಗಿ ಸಣ್ಣ ಸಾಮಾನೇ. ಆದರೆ ಕಮ್ಮಾರಿಕೆಯ ಮುಖ್ಯ ಕೆಲಸವೆಲ್ಲ ಅದರಲ್ಲಿದೆ. ಬಡಿದು ತೆಳುಮಾಡಬೇಕು, ಬಾಗಿಸಬೇಕು, ಹಿಡಿಯೊಳಗೆ ಕೂರಲು ಬಾಲ ಎಳೆಯಬೇಕು, ಕೊನೆಗೆ ಹದ ಕೊಡಬೇಕು.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಅಲಗಿರುವ ಸಾಮಾನಿಗೆ, ಅದರಲ್ಲೂ ಕಲಿಯುವವರಿಗೆ, ಜಾಲಿ ಇದ್ದಿಲೇ ಸರಿ.

ಬಳ್ಳಾರಿ ಜಾಲಿ ಅಂದರೆ ನಮ್ಮ ರೈತರು ಮುಖ ಸಿಂಡರಿಸುತ್ತಾರೆ. ಅದು ನ್ಯಾಯವೇ. 1870ರ ದಶಕದಲ್ಲಿ ಹೊರಗಿನಿಂದ ಭಾರತಕ್ಕೆ ಬಂದ ಈ ಗಿಡ ಇಂದು ಕೆರೆ ಅಂಗಳ, ಹಳ್ಳದ ದಂಡೆ, ಬೀಳು ಹೊಲ ಎಲ್ಲವನ್ನೂ ನುಂಗಿದೆ. ಆದರೆ ಕುಲುಮೆಯವರಿಗೆ ಅದು ವರ. ಕಟ್ಟಿಗೆ ಗಟ್ಟಿ, ಹಾಗಾಗಿ ಇದ್ದಿಲು ತೂಕವಾಗಿರುತ್ತದೆ, ಬೇಗ ಬೂದಿಯಾಗುವುದಿಲ್ಲ. ಕೊಳ್ಳುವಾಗ ಎರಡು ತುಂಡು ತೆಗೆದು ಒಂದಕ್ಕೊಂದು ತಾಗಿಸಿ ನೋಡಿ. ಠಣ್ ಎಂದರೆ ಚೆನ್ನಾಗಿ ಸುಟ್ಟಿದೆ. ಸದ್ದು ಮಂದವಾಗಿದ್ದರೆ ಒಳಗೆ ಅರೆಬೆಂದ ಕಟ್ಟಿಗೆ ಉಳಿದಿದೆ, ಹೊಗೆ ಗ್ಯಾರಂಟಿ. ಪುಡಿಯನ್ನು ಜರಡಿ ಹಿಡಿದು ಬೇರೆ ಮಾಡಿ, ಒಂದು ಇಂಚಿನ ಆಸುಪಾಸಿನ ತುಂಡುಗಳನ್ನಷ್ಟೇ ಬೆಂಕಿಗೆ ಹಾಕುತ್ತೇನೆ.

ಇದ್ದಿಲಿಗೆ ಗಾಳಿ ಸ್ವಲ್ಪ ಸಾಕು. ಕೌಲ್ ಬಜಾರ್ ಕಡೆಯ ಹಿರಿಯ ಕಮ್ಮಾರರೊಬ್ಬರು ನನ್ನ ಫ್ಯಾನಿನ ಸದ್ದು ಕೇಳಿಯೇ ಹೇಳಿದರು, "ಗಾಳಿ ಕಮ್ಮಿ ಮಾಡು ತಮ್ಮಾ, ಕಬ್ಬಿಣ ಸುಟ್ಟು ಹೋಗ್ತೈತಿ." ಅವರ ಮಾತು ನೂರಕ್ಕೆ ನೂರು ನಿಜ. ಗಾಳಿಕೊಳವೆ ಬಾಯಿಯ ಹತ್ತಿರ ಆಮ್ಲಜನಕ ಜಾಸ್ತಿ, ಅಲ್ಲಿ ಕಬ್ಬಿಣ ಇಟ್ಟರೆ ಮೈಯೆಲ್ಲ ಚಕ್ಕೆ ಏಳುತ್ತದೆ. ಕೊಳವೆಯ ಮೇಲೆ ಐದಾರು ಇಂಚು ಕೆಂಡ ಇರಬೇಕು, ಕಬ್ಬಿಣ ಅದರ ನಡುವೆ ಕೂರಬೇಕು. ಅಷ್ಟರಲ್ಲಿ ಆಮ್ಲಜನಕವೆಲ್ಲ ಕೆಂಡಕ್ಕೇ ಖರ್ಚಾಗಿರುತ್ತದೆ. ಕೈಯಲ್ಲಿ ತಿರುಗಿಸುವ ಫ್ಯಾನ್ ಇದ್ದರೆ ಇನ್ನೂ ಒಳ್ಳೆಯದು. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಇದ್ದಿಲಿನ ನಿಜವಾದ ಬೆಲೆ ಗೊತ್ತಾಗುವುದು ಹದ ಕೊಡುವಾಗ. ಅದಕ್ಕೆ ನಾನು ಹೊತ್ತು ಮುಳುಗುವವರೆಗೆ ಕಾಯುತ್ತೇನೆ. ನಮ್ಮೂರ ಬಿಸಿಲಲ್ಲಿ ಕಬ್ಬಿಣದ ಬಣ್ಣ ಮೋಸ ಮಾಡುತ್ತದೆ, ಕೆಂಪಗೆ ಕಾದದ್ದೂ ಕಪ್ಪಗೇ ಕಾಣುತ್ತದೆ. ಕತ್ತಲಲ್ಲಿ ಅಲಗು ಮಂದ ಕೆಂಪಿನಿಂದ ನಿಧಾನವಾಗಿ ಮೇಲೇರುತ್ತದೆ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಆಯಸ್ಕಾಂತ ಇರುತ್ತದೆ. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣ ಆಯಸ್ಕಾಂತಕ್ಕೆ ಅಂಟುವುದನ್ನು ಬಿಟ್ಟುಬಿಡುತ್ತದೆ. ಸ್ಪ್ರಿಂಗ್ ಪಟ್ಟಿಗೆ ಅಲ್ಲಿಂದ ಇನ್ನೂ ಸ್ವಲ್ಪ ಮೇಲೆ, 850ರ ಆಸುಪಾಸು ಬೇಕು. ಈ ಹಂತದಲ್ಲಿ ಗಾಳಿ ಪೂರ್ತಿ ನಿಲ್ಲಿಸುತ್ತೇನೆ. ಕೆಂಡದ ಹಾಸು ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ತುದಿ ಹೆಚ್ಚು ಕೆಂಪಾಗಿದ್ದರೆ ಹೊರಗೆಳೆದು, ಬುಡವನ್ನು ಕೆಂಡದ ಮೇಲೆ ತಂದು, ಅಲಗೆಲ್ಲ ಒಂದೇ ಬಣ್ಣಕ್ಕೆ ಬರುವ ತನಕ ಆಡಿಸಬಹುದು. ಆಮೇಲೆ ಉಗುರು ಬೆಚ್ಚಗಿಂತ ತುಸು ಹೆಚ್ಚು ಬಿಸಿ ಮಾಡಿದ ಶೇಂಗಾ ಎಣ್ಣೆಗೆ ನೇರವಾಗಿ ಇಳಿಸುವುದು. ನೀರು ಬೇಡ, ಈ ಉಕ್ಕು ನೀರಲ್ಲಿ ಬಿರುಕು ಬಿಡುತ್ತದೆ. ತಣ್ಣಗಾದ ಮೇಲೆ ಅರ ಹಚ್ಚಿದರೆ ಅದು ಕಚ್ಚದೆ ಜಾರಬೇಕು. ಜಾರಿದರೆ ಗಡಸು ಬಂದಿದೆ.

ಆದರೆ ಬರೀ ಗಡಸಿದ್ದರೆ ಮುರಿಯುತ್ತದೆ, ಅಲ್ವಾ? ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ, ಕೆಂಡದಿಂದ ದೂರ ಹಿಡಿದು ಮತ್ತೆ ಹಗುರವಾಗಿ ಕಾಯಿಸಬೇಕು. ತಿಳಿ ಹಳದಿ, ಕಂದು, ನೇರಳೆ, ನೀಲಿ ಒಂದರ ಹಿಂದೊಂದು ಅಲಗಿನ ಮೇಲೆ ಹರಿದು ಬರುತ್ತವೆ. ಚಾಕುವಿಗೆ ಹಳದಿಯಲ್ಲೇ ನಿಲ್ಲಿಸುತ್ತೇನೆ. ಮಸಾರಿ ಹೊಲದಲ್ಲಿ ಕಲ್ಲಿಗೆ ತಾಗುವ ಕುರ್ಚಿಗಿಯನ್ನು ನೇರಳೆ ದಾಟಿಸಿ ನೀಲಿಯ ಅಂಚಿಗೆ ಒಯ್ಯುತ್ತೇನೆ. ಎಷ್ಟು ಸಲ ನೋಡಿದರೂ ಸಾಕೆನಿಸದ ನೋಟ ಅದು.

ಇದ್ದಿಲಿನ ತೊಂದರೆಗಳೂ ಇವೆ. ಚೀಲ ಬೇಗ ಖಾಲಿಯಾಗುತ್ತದೆ. ಕಿಡಿ ಚಟಪಟ ಸಿಡಿಯುತ್ತದೆ, ಹಾಗಾಗಿ ಹತ್ತಿ ಬಟ್ಟೆಯೇ ಹಾಕಬೇಕು, ಪಾಲಿಯೆಸ್ಟರ್ ಬೇಡವೇ ಬೇಡ. ಕಣ್ಣಿಗೆ ಕನ್ನಡಕ ಬೇಕೇಬೇಕು.

ಇನ್ನು ಕೋಕ್, ಅಂದರೆ ಕಲ್ಲಿದ್ದಲನ್ನು ಗಾಳಿ ಸೋಕದಂತೆ ಕಾಯಿಸಿ ಮಾಡಿದ ಗಟ್ಟಿ ಇಂಧನ. ತೋರಣಗಲ್ಲಿನ ಊದುಕುಲುಮೆಗಳು ಅದಿರು ಕರಗಿಸುವುದು ಕೋಕ್‌ನಿಂದಲೇ. ಹಿತ್ತಲ ಕುಲುಮೆಯಲ್ಲೂ ಅದರ ಶಕ್ತಿ ಕಾಣುತ್ತದೆ. ದಪ್ಪ ಸರಳು ಇದ್ದಿಲಿಗಿಂತ ಬೇಗ ಕಾದು ಹಳದಿಯಾಗಿ ಹೊಳೆಯುತ್ತದೆ. ಎರಡು ತುಂಡು ಕಬ್ಬಿಣವನ್ನು ಕಾಯಿಸಿ ಬಡಿದೇ ಬೆಸೆಯುವ ಕೆಲಸಕ್ಕೆ, ಬಿಳಿಗಾರ (ಬೋರಾಕ್ಸ್) ಉದುರಿಸಿ 1250 ಡಿಗ್ರಿ ಮೇಲೆ ಒಯ್ಯಬೇಕಲ್ಲ, ಅಲ್ಲಿ ಕೋಕ್‌ಗೆ ನನ್ನ ಮಟ್ಟಿಗೆ ಸಾಟಿಯಿಲ್ಲ. ಕುರ್ಚಿಗಿಗೆ ಮಾತ್ರ ಅದು ಅತಿಯಾಯಿತು. ತೆಳು ಅಲಗಿನ ಮೇಲಿಂದ ಕಣ್ಣು ತೆಗೆಯುವಂತಿಲ್ಲ. ತಡವಾದರೆ ಅಂಚು ಸುರುಸುರು ಬತ್ತಿಯ ಹಾಗೆ ಕಿಡಿ ಉಗುಳುತ್ತದೆ, ಹಾಗೆ ಸುಟ್ಟ ಉಕ್ಕು ಮತ್ತೆ ಸರಿಹೋಗುವುದಿಲ್ಲ.

ಕೋಕ್ ಹೊತ್ತಿಸುವುದೂ ಕಷ್ಟ. ಮೊದಲು ಇದ್ದಿಲು ಕೆಂಡ ಮಾಡಿ ಅದರ ಮೇಲೆ ಹಾಕಬೇಕು. ಗಾಳಿ ನಿಂತರೆ ಕೆಂಡ ಮಂಕಾಗುತ್ತದೆ, ಹಾಗಾಗಿ ಬರೀ ಕರೆಂಟ್ ಬ್ಲೋವರ್ ನಂಬಿದರೆ ಆಗದು. ತಳದಲ್ಲಿ ಗಾಜಿನಂಥ ಕಿಟ್ಟ ಕಟ್ಟಿ ಗಾಳಿಕೊಳವೆ ಮುಚ್ಚುತ್ತದೆ, ಆಗಾಗ ಕೊಕ್ಕೆ ಹಾಕಿ ಎಳೆಯಬೇಕು. ಕೋಕ್ ಸಿಗಲಿಲ್ಲವೆಂದು ಹಸಿ ಕಲ್ಲಿದ್ದಲಿಗೆ ಕೈ ಹಾಕಬೇಡಿ. ಶಕ್ತಿನಗರದಂಥ ವಿದ್ಯುತ್ ಸ್ಥಾವರದಲ್ಲಿ ಉರಿಸುವ ಸಿಂಗರೇಣಿ ಕಲ್ಲಿದ್ದಲು ಕಾದು ಕೋಕ್ ಆಗುವ ಜಾತಿಯದಲ್ಲ, ಬೂದಿ ಜಾಸ್ತಿ. ಹೊಗೆಗೆ ಓಣಿಯವರು ಬಾಗಿಲಿಗೆ ಬರುತ್ತಾರೆ.

ಗ್ಯಾಸ್ ಕುಲುಮೆ ನಮ್ಮ ಗಂಗಾವತಿ ಗೆಳೆಯನದು. ಆತನಿಗೆ ಕೆಲಸ ಮುಗಿಸಿ ಬಂದ ಮೇಲೆ ಸಿಗುವುದು ಒಂದೆರಡು ತಾಸು. ಹೊತ್ತಿಸಿದ ಸ್ವಲ್ಪ ಹೊತ್ತಿಗೇ ಒಳಗೋಡೆ ಕಿತ್ತಳೆಯಾಗಿ ಹೊಳೆಯುತ್ತದೆ, ಕೆಲಸ ಶುರು. ಕಿಡಿಯಿಲ್ಲ, ಕಿಟ್ಟವಿಲ್ಲ. ಮೂರರಲ್ಲಿ ಬಡಿಯುವ ಕೆಲಸ ಬೇಗ ಮುಗಿದದ್ದು ಇಲ್ಲೇ, ಒಪ್ಪುತ್ತೇನೆ. ಆದರೆ ಅದು ಡಬ್ಬಿಯಂಥ ಕುಲುಮೆ, ಬೇಕಾದ ಜಾಗವನ್ನಷ್ಟೇ ಕಾಯಿಸಲು ಆಗುವುದಿಲ್ಲ. ಕುರ್ಚಿಗಿಯ ಕುತ್ತಿಗೆ ಬಾಗಿಸುವಾಗ ಈಗಾಗಲೇ ತೆಳುಮಾಡಿದ ಅಲಗೂ ಜೊತೆಗೇ ಕಾದು ಮೆತ್ತಗಾಯಿತು. ಇದ್ದಿಲಿನಲ್ಲಾದರೆ ಕುತ್ತಿಗೆಯನ್ನಷ್ಟೇ ಕೆಂಡದಲ್ಲಿಟ್ಟು ಅಲಗನ್ನು ಹೊರಗೆ ಬಿಡಬಹುದಿತ್ತು. ಕುಲುಮೆಯ ಬಾಯಿಗಿಂತ ಅಗಲವಾಗಿ ಬಾಗಿದ ಕುಡುಗೋಲು ಒಳಗೆ ಹೋಗುವುದೇ ಇಲ್ಲ.

ಗ್ಯಾಸ್ ವಿಷಯದಲ್ಲಿ ಕೆಲವು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಅಡುಗೆಮನೆಯ 14.2 ಕೆಜಿ ಸಿಲಿಂಡರ್ ಇದಕ್ಕೆ ಬಳಸುವುದು ಕಾನೂನಿಗೆ ವಿರುದ್ಧ, 19 ಕೆಜಿ ವಾಣಿಜ್ಯ ಸಿಲಿಂಡರೇ ತರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಮುಚ್ಚಿದ ಕೋಣೆಯಲ್ಲಿ ಯಾವ ಕುಲುಮೆಯೂ ಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಒಳಗೆ ಹಾಸುವ ಸೆರಾಮಿಕ್ ಉಣ್ಣೆಯ ಎಳೆ ಶ್ವಾಸಕೋಶಕ್ಕೆ ಹೋಗಬಾರದು, ಅದರ ಮೇಲೆ ಬೆಂಕಿ ತಡೆಯುವ ಸಿಮೆಂಟ್ ಬಳಿಯಲೇಬೇಕು.

ಮೂರೂ ಕುರ್ಚಿಗಿಗಳನ್ನು ಹೊಲದವರಿಗೇ ಕೊಟ್ಟು ಬಳಸಿ ನೋಡಲು ಹೇಳಿದೆ. ಯಾವುದು ಯಾವ ಬೆಂಕಿಯದು ಅಂತ ಹೇಳಿರಲಿಲ್ಲ. ಅಂಚು ಹೆಚ್ಚು ದಿನ ನಿಂತದ್ದು ಇದ್ದಿಲಿನದು. ಗ್ಯಾಸಿನದೂ ಹತ್ತಿರವೇ ಇತ್ತು. ಇದ್ದಿಲು ಉಕ್ಕಿಗೆ ಏನೋ ಸೇರಿಸಿತು ಅಂತಲ್ಲ. ಹದ ಕೊಡುವಾಗ ಅಲಗು ಕಣ್ಣೆದುರೇ ಇರುತ್ತದೆ, ಶಾಖವನ್ನು ಇಂಚಿಂಚಾಗಿ ನಡೆಸಬಹುದು, ಅದೇ ಕಾರಣ. ಜಾಗವೂ ಹೊತ್ತೂ ಕಡಿಮೆ ಇರುವವರು ಧೈರ್ಯವಾಗಿ ಗ್ಯಾಸ್ ಹಾಕಿಕೊಳ್ಳಿ, ಹದಕ್ಕೆ ಮಾತ್ರ ಒಂದು ಬುಟ್ಟಿ ಇದ್ದಿಲು ಇಟ್ಟುಕೊಳ್ಳಿ. ನನ್ನ ಹಿತ್ತಲಲ್ಲಿ ಈಗ ಕೋಕ್ ಚೀಲ ಬಿಚ್ಚಿದೆ, ಸರಪಳಿ ಕೊಂಡಿಗಳ ಬೆಸುಗೆ ನಡೆದಿದೆ. ಅದು ಮುಗಿದ ಮೇಲೆ ಜೋಳ ಕೊಯ್ಯುವ ಕುಡುಗೋಲಿನ ಸರದಿ. ಅದಕ್ಕೆ ಜಾಲಿ ಇದ್ದಿಲು ಜರಡಿ ಹಿಡಿದು ಇಟ್ಟಿದ್ದೇನೆ.