‘ರಿಸ್ಟೋರ್ಡ್’ ಅಂತ ಕವರ್ ಮೇಲಿದ್ದರೆ ನಂಬಬೇಡಿ: ನನ್ನ 1,850 ರೂಪಾಯಿ ಹೋದ ಕತೆ

ಹಳೇ ದೆವ್ವದ ಸಿನಿಮಾಗಳ ಡಿಸ್ಕ್ ಕೊಳ್ಳುವ ಹುಚ್ಚು ನಿಮಗೂ ಇದ್ದರೆ ಇದನ್ನು ಓದಿ. ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟವಾಗಿ ಕಾಣುವ ಡಿಸ್ಕ್) ಅಂತ ಆನ್‌ಲೈನ್‌ನಲ್ಲಿ 1,850 ರೂಪಾಯಿ ಕೊಟ್ಟು ತರಿಸಿದೆ. ಕವರ್ ಮೇಲೆ ದಪ್ಪ ಅಕ್ಷರದಲ್ಲಿ ‘ರಿಸ್ಟೋರ್ಡ್’ ಅಂತ ಇತ್ತು, ಅಂದ್ರೆ ಹಾಳಾದ ಹಳೇ ಚಿತ್ರವನ್ನು ಸರಿಪಡಿಸಿದ್ದು. ಅಷ್ಟಕ್ಕೇ ಬಿದ್ದೆ.

ಸರಸ್ವತಿಪುರಂನ ನಮ್ಮ ಮನೆಗೆ ಭಾನುವಾರ ರಾತ್ರಿ ನಾಲ್ಕು ಜನ ಗೆಳೆಯರನ್ನು ಕರೆದಿದ್ದೆ. ಚುರುಮುರಿ, ಕಾಫಿ ಎಲ್ಲಾ ರೆಡಿ. ಲೈಟ್ ಆರಿಸಿ ಡಿಸ್ಕ್ ಹಾಕಿದೆ. ಸ್ಮಶಾನದ ಕಡೆ ಕಾರು ಬರುವ ಮೊದಲ ದೃಶ್ಯ. ಹಗಲು ಹೊತ್ತಿನದೇ, ಆದರೂ ಕಾರು ಯಾವುದು, ರಸ್ತೆ ಯಾವುದು ಗೊತ್ತಾಗಲಿಲ್ಲ. ಮುಖಗಳಿಗೆ ಸುಣ್ಣ ಬಳಿದ ಹಾಗಿತ್ತು, ಕಣ್ಣು ಮೂಗು ಮಾಯ. ಹಳೇ ವಿಡಿಯೋ ಕ್ಯಾಸೆಟ್‌ನಲ್ಲಿ ಕೆಳಗಡೆ ಒಂದು ನಡುಗುವ ಗೆರೆ ಬರುತ್ತಿತ್ತಲ್ಲ, ಅದೂ ಇತ್ತು. ಅಂದ್ರೆ ಕ್ಯಾಸೆಟ್‌ನಿಂದಲೇ ಇಳಿಸಿದ್ದಾರೆ. ಅಗಲ ಟಿವಿಗೆ ಹೊಂದಲಿ ಅಂತ ಮೇಲೂ ಕೆಳಗೂ ಕತ್ತರಿಸಿ, ನಾಯಕನಿಗೆ ಹಣೆಯೇ ಇಲ್ಲ. ರಾತ್ರಿಯ ದೃಶ್ಯ ಶುರುವಾದಾಗ ಕರೆಂಟ್ ಹೋಯ್ತೇನೋ ಅಂದುಕೊಂಡೆವು.

ಅಮ್ಮ ಬಂದು ಒಂದು ನಿಮಿಷ ನಿಂತು ನೋಡಿದರು. “ಏನೋ ಇದು, ಬರೀ ಇರುವೆ ಓಡಾಡ್ತಿವೆ. ದೆವ್ವ ಎಲ್ಲೋ?”

ಡಿಸ್ಕ್ ತೆಗೆದು ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿದೆ. ಹಿಂಬದಿ ನೇರಳೆ ಬಣ್ಣ. ಫ್ಯಾಕ್ಟರಿಯಲ್ಲಿ ಅಚ್ಚು ಹಾಕಿದ ಡಿವಿಡಿ ಬೆಳ್ಳಿ ಬಣ್ಣಕ್ಕಿರುತ್ತೆ. ಇದು ಯಾರೋ ಕಂಪ್ಯೂಟರ್‌ನಲ್ಲಿ ಬರ್ನ್ ಮಾಡಿದ ಡಿವಿಡಿ-ಆರ್. ಬ್ಲೂ-ರೇ ಕೂಡ ಅಲ್ಲ! ಮಾರಿದವನಿಗೆ ಮೆಸೇಜ್ ಹಾಕಿದರೆ, “ಹಳೇ ಸಿನಿಮಾ ಸಾರ್, ಹಂಗೇ ಇರುತ್ತೆ. ಸೀಲ್ ಒಡೆದಿದ್ದೀರಿ, ವಾಪಸ್ ಇಲ್ಲ” ಅಂದ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿರಲಿಲ್ಲ. ನೀವು ಮಾಡಿ.

ಈ ಚಿತ್ರದ್ದೇ ಇಷ್ಟೊಂದು ಕೆಟ್ಟ ಕಾಪಿ ಯಾಕೆ ಅಂತ ಆಮೇಲೆ ಹುಡುಕಿದೆ. ನಿರ್ದೇಶಕ ಜಾರ್ಜ್ ರೊಮೆರೊ ಇದನ್ನು ಸುಮಾರು 1,14,000 ಡಾಲರ್‌ನಲ್ಲಿ ತೆಗೆದದ್ದು. ರಕ್ತಕ್ಕೆ ಚಾಕೊಲೇಟ್ ಸಿರಪ್. ಕಪ್ಪು ಬಿಳುಪು ಅಲ್ವಾ, ನಡೆಯಿತು. 1968ರಲ್ಲಿ ಬಿಡುಗಡೆಗೆ ಮೊದಲು ಸಿನಿಮಾದ ಹೆಸರು ಬದಲಾಯಿತು. ಹಳೇ ಹೆಸರು ತೆಗೆದಾಗ ಅದರ ಜೊತೆಗಿದ್ದ ಕಾಪಿರೈಟ್ ಸಾಲೂ ಹೋಯಿತು, ವಿತರಕರು ಮತ್ತೆ ಹಾಕಲಿಲ್ಲ. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲಿಲ್ಲದಿದ್ದರೆ ಹಕ್ಕೂ ಇಲ್ಲ. ಹಾಗಾಗಿ ಅಲ್ಲಿ ಸಿಕ್ಕ ಸಿಕ್ಕವರೆಲ್ಲ ಕ್ಯಾಸೆಟ್, ಡಿವಿಡಿ ಮಾಡಿ ಮಾರಿದರು. ಕಾಪಿಯ ಕಾಪಿ, ಅದರದ್ದೊಂದು ಕಾಪಿ. ಬಣ್ಣ ಬಳಿದದ್ದೂ ಇದೆ. 1999ರಲ್ಲಿ ಹೊಸ ದೃಶ್ಯ, ಹೊಸ ಸಂಗೀತ ತುರುಕಿದ್ದೊಂದು ಬಂತು, ಅದನ್ನು ಸುಮ್ನೆ ಕೊಟ್ಟರೂ ಬೇಡ.

ಚೆನ್ನಾಗಿರುವುದು 2016ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಹಳೇ ಸಿನಿಮಾ ಉಳಿಸುವ ಫಿಲ್ಮ್ ಫೌಂಡೇಶನ್ ಸೇರಿ ಮೂಲ ನೆಗೆಟಿವ್‌ನಿಂದ 4ಕೆಯಲ್ಲಿ, ಅಂದ್ರೆ ತುಂಬಾ ಸ್ಪಷ್ಟವಾಗಿ, ಸರಿಪಡಿಸಿದ್ದು. 2018ರಲ್ಲಿ ಕ್ರೈಟೀರಿಯನ್ ಅನ್ನೋ ಡಿಸ್ಕ್ ಕಂಪನಿ ಅದನ್ನು ಡಿಸ್ಕ್‌ಗೆ ತಂದಿತು. ಕೊಳ್ಳುವ ಮೊದಲು ಈ ವಿವರ ಇದೆಯಾ ನೋಡಿ, ಡಿಸ್ಕ್‌ನ ಹಿಂಬದಿಯ ಫೋಟೋ ಕೇಳಿ. ಕೊಡಲ್ಲ ಅಂದರೆ ಬಿಟ್ಟುಬಿಡಿ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಅಮೆರಿಕದಿಂದ ಬರುತ್ತಿದ್ದ ಅಕ್ಕನ ಮಗನ ಕೈಲಿ ಅಸಲಿ ಬ್ಲೂ-ರೇ ತರಿಸಿದೆ. ಬ್ಲೂ-ರೇ ಡಿಸ್ಕ್‌ಗೂ ಪ್ಲೇಯರ್‌ಗೂ ಪ್ರದೇಶದ ಗುರುತು (ರೀಜನ್) ಇರುತ್ತೆ, ಎರಡೂ ಹೊಂದಬೇಕು. ಅದು ರೀಜನ್ ಎ. ಭಾರತ ರೀಜನ್ ಸಿ. ಪ್ಲೇಯರ್ ಒಂದು ಸಾಲು ತೋರಿಸಿ ಸುಮ್ಮನಾಯಿತು. ಬ್ಲೂ-ರೇಗಿಂತಲೂ ಸ್ಪಷ್ಟವಾದ 4ಕೆ ಯುಎಚ್‌ಡಿ ಡಿಸ್ಕ್‌ಗೆ ಈ ರೀಜನ್ ಕಾಟ ಇಲ್ಲ, ಆದರೆ ಅದಕ್ಕೆ ಬೇರೆ ಪ್ಲೇಯರ್ ಬೇಕು.

ಅಸಲಿ ಈಗ ಶೋಕೇಸ್‌ನಲ್ಲಿದೆ. ನಕಲಿಯನ್ನು ಅಮ್ಮ ಹಿತ್ತಲಿನ ಸೀಬೆ ಮರಕ್ಕೆ ನೇತುಹಾಕಿದ್ದಾರೆ, ಗಿಳಿ ಬರದಿರಲಿ ಅಂತ. ಬರುತ್ತಲೇ ಇವೆ.