ಎರಡು ವರ್ಷ ಬಳಸಿದ ಬಿ.ಪಿ. ಮಿಷನ್, ಅದಕ್ಕೂ ಮೊದಲಿನ ಐದು ನಿಮಿಷ

2023ರ ಡಿಸೆಂಬರ್‌ನಲ್ಲಿ 2,150 ರೂಪಾಯಿ ಕೊಟ್ಟು ತೋಳಿಗೆ ಕಟ್ಟುವ ಡಿಜಿಟಲ್ ಬಿ.ಪಿ. ಮಿಷನ್ ತಂದೆ. ಬಳಸಿ ಎರಡು ವರ್ಷ ದಾಟಿತು.

ನಾನು ಶಿವಮೊಗ್ಗ ಕಡೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಆ ವರ್ಷ ಎಸ್ಸೆಸ್ಸೆಲ್ಸಿಗೆ ಮೊದಲ ಸಲ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಹಿಂದುಳಿದ ಮಕ್ಕಳಿಗೆ ಮತ್ತೆ ಪಾಠ, ರಾತ್ರಿ ಪೇಪರ್ ತಿದ್ದುವುದು. ಫಲಿತಾಂಶ ಕಡಿಮೆಯಾದರೆ ಉತ್ತರ ಹೇಳಬೇಕಾದವರು ನಾವೇ ಅಲ್ವಾ? ಕತ್ತು, ಭುಜ ಕಲ್ಲಾಗಿತ್ತು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೆ ಅಂತ ಮನೆಯವರು ಹೇಳುತ್ತಿದ್ದರು. ಎದ್ದಾಗ ದವಡೆ ನೋವು. ಡಾಕ್ಟರ್ ಬಳಿ ಹೋದಾಗ ಬಿ.ಪಿ. 152/96 ಬಂತು. ಅವರು ಮಾತ್ರೆ ಬರೆಯಲಿಲ್ಲ. "ಒಂದು ವಾರ ಮನೆಯಲ್ಲಿ ನೋಡಿ ಬರೆದು ತನ್ನಿ" ಅಂದರು. ಆಸ್ಪತ್ರೆಯ ಕುರ್ಚಿಯಲ್ಲಿ ಕೂತರೇ ಕೆಲವರಿಗೆ ಬಿ.ಪಿ. ಏರುತ್ತದಂತೆ.

ಅವರು ಹೇಳಿದ ಕ್ರಮ ಹೀಗಿತ್ತು. ಅಳೆಯುವ ಅರ್ಧ ಗಂಟೆ ಮೊದಲಿಂದ ಕಾಫಿ ಬೇಡ. ಬಚ್ಚಲಿಗೆ ಹೋಗಿ ಬಂದು, ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಐದು ನಿಮಿಷ ಸುಮ್ನೆ ಕೂರಬೇಕು. ಮಾತಾಡಬಾರದು, ಫೋನ್ ನೋಡಬಾರದು. ಆಮೇಲೆ ಒಂದು ನಿಮಿಷದ ಅಂತರದಲ್ಲಿ ಎರಡು ರೀಡಿಂಗ್.

ನನಗೆ ಕಷ್ಟವಾಗಿದ್ದು ಆ ಐದು ನಿಮಿಷ. ಎರಡನೇ ನಿಮಿಷಕ್ಕೇ ಎದ್ದು ಹಾಲು ಉಕ್ಕಿತೇನೋ ನೋಡಬೇಕು ಅನ್ನಿಸುತ್ತಿತ್ತು. ಸುಮ್ಮನೆ ಕೂರುವುದನ್ನೇ ಮರೆತಿದ್ದೆ. ಒಂದು ದಿನ ಶಾಲೆಯಿಂದ ಬಂದವಳೇ ಪಟ್ಟಿ ಕಟ್ಟಿ ನೋಡಿದೆ: ಮೇಲಿನ ಅಂಕಿ 148. ಹಾಗೇ ಕೂತು ಐದು ನಿಮಿಷದ ಮೇಲೆ ಮತ್ತೆ ನೋಡಿದೆ: 131. ಮಾತ್ರೆಯಿಲ್ಲ, ಏನಿಲ್ಲ. ದೇಹ ಇನ್ನೂ ತಾನಾಗಿ ಶಾಂತವಾಗಬಲ್ಲದು ಅಂತ ಕಣ್ಣಾರೆ ಕಂಡಾಗ ಆದ ಸಮಾಧಾನ ಹೇಳಲಾರೆ.

ಗಾಬರಿಯಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನುಗಳು ಹರಿದು ಹೃದಯ ಜೋರಾಗಿ ಬಡಿಯುತ್ತದೆ, ರಕ್ತನಾಳ ಬಿಗಿಯುತ್ತದೆ. ನಿಧಾನವಾಗಿ ಉಸಿರು ಬಿಡುವಾಗ ಹೃದಯದ ಬಡಿತ ಇಳಿಯುತ್ತದೆ. ಅದಕ್ಕೇ ಈಗ ಆ ಐದು ನಿಮಿಷದಲ್ಲಿ ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಒಂದೊಂದು ಎಣಿಕೆಗೆ ಒಂದು ಸೆಕೆಂಡ್ ಹಿಡಿದರೆ ನಿಮಿಷಕ್ಕೆ ಆರು ಉಸಿರು. ಒತ್ತಡವೊಂದರಿಂದಲೇ ಬಿ.ಪಿ. ಬಂತು ಅಂತ ನಾನು ಹೇಳುವುದಿಲ್ಲ. ಒತ್ತಡದ ದಿನಗಳಲ್ಲಿ ನಿದ್ದೆ ಕೆಟ್ಟಿತ್ತು, ಸಂಜೆಯ ನಡಿಗೆ ನಿಂತಿತ್ತು, ಊಟಕ್ಕೆ ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾಗಿತ್ತು. ಅವನ್ನೂ ಸರಿಮಾಡಿಕೊಂಡೆ.

ಈ ಮಿಷನ್‌ನಿಂದ ತೊಂದರೆಯೂ ಆಗಿದೆ. ಮೊದಲ ಫೆಬ್ರವರಿಯಲ್ಲಿ ಒಂದೇ ದಿನ ಹನ್ನೊಂದು ಸಲ ನೋಡಿಕೊಂಡೆ. ಜಾಸ್ತಿ ಬಂದರೆ ಭಯ, ಆ ಭಯಕ್ಕೆ ಇನ್ನೂ ಜಾಸ್ತಿ. ಹಾಗೆ ಕಟ್ಟಿಕೊಂಡು ಕೂರುವ ಸ್ವಭಾವ ನಿಮ್ಮದಾದರೆ ಡಾಕ್ಟರ್ ಹೇಳಿದ ದಿನಗಳಲ್ಲಿ ಬೆಳಿಗ್ಗೆ, ಸಂಜೆ ಮಾತ್ರ ನೋಡಿ, ಆಮೇಲೆ ಬೀರುವಿನಲ್ಲಿಡಿ. ಆ ತಿಂಗಳು ಒಂದು ರಾತ್ರಿ ನಿದ್ದೆಯೇ ಬಾರದೆ 14416ಕ್ಕೆ ಫೋನ್ ಮಾಡಿದ್ದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಿದರು. ಮಿಷನ್‌ಗೆ ಆಗದ ಕೆಲಸ ಅದು. ಎದೆನೋವು ಬಂದರೆ, ಮಾತು ತೊದಲಿದರೆ, ಉಸಿರಾಟದ ಅಭ್ಯಾಸ, ರೀಡಿಂಗ್ ಯಾವುದಕ್ಕೂ ಕಾಯಬೇಡಿ. ನೇರ ಆಸ್ಪತ್ರೆಗೆ.

ಇನ್ನೊಂದು ವಿಷಯ, ಮಿಷನ್ ಕಂಪನಿಯವರು ಹೇಳಬೇಕಿತ್ತು, ಹೇಳಲಿಲ್ಲ. ಜೊತೆಗೆ ಬಂದ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ನಮ್ಮ ಯಜಮಾನರ ತೋಳು 35. ಬಿಗಿಯಾದ ಪಟ್ಟಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಅವರಿಗೆ ಬಿ.ಪಿ. ಇದೆ ಅಂತ ಒಂದು ವಾರ ಸುಮ್ಮನೆ ಹೆದರಿದೆವು. ದೊಡ್ಡ ಪಟ್ಟಿ ಬೇರೆ ಕೊಂಡೆವು. ಕೊಳ್ಳುವ ಮೊದಲು ದರ್ಜಿಯ ಟೇಪಿನಲ್ಲಿ ತೋಳು ಅಳೆದುಕೊಳ್ಳಿ. ಕಳೆದ ಮಳೆಗಾಲದಲ್ಲಿ ಸೆಲ್ ಸೋರಿ ಒಳಗೆ ತುಕ್ಕು ಹಿಡಿದಿತ್ತು, ಕೆರೆದು ಒರೆಸಿದ ಮೇಲೆ ಸರಿಯಾಯಿತು. ವೆಲ್ಕ್ರೋ ಈಗ ಸಡಿಲ. ವರ್ಷಕ್ಕೊಮ್ಮೆ ಡಾಕ್ಟರ್ ಬಳಿ ಒಯ್ದು ಅವರ ಮಿಷನ್ ಜೊತೆ ತಾಳೆ ನೋಡುತ್ತೇನೆ, ಎರಡು ಮೂರು ಅಂಕಿ ಹೆಚ್ಚುಕಮ್ಮಿ, ಅಷ್ಟೇ.

ಕಳೆದ ತಿಂಗಳ ನನ್ನ ಸರಾಸರಿ 126/80. ಮನೆಯಲ್ಲಿ ನೋಡುವಾಗ ಸರಾಸರಿ 135/85ಕ್ಕಿಂತ ಕೆಳಗಿರಬೇಕು ಅಂತ ಡಾಕ್ಟರ್ ಅಂದಿದ್ದರು. ಮಾತ್ರೆ ಇನ್ನೂ ಬೇಕಾಗಿಲ್ಲ. ಮುಂದೆ ಬೇಕೆಂದರೆ ತಗೊಳ್ಳುತ್ತೇನೆ.

ಈಗ ಅಳೆಯದ ದಿನವೂ ಸಂಜೆ ಏಳಕ್ಕೆ ಆ ಕುರ್ಚಿಯಲ್ಲಿ ಕೂರುತ್ತೇನೆ. ಹೋದ ವರ್ಷದಿಂದ ಅತ್ತೆಯೂ ಪಕ್ಕದ ಕುರ್ಚಿ ಎಳೆದುಕೊಳ್ಳುತ್ತಾರೆ. ಟಿ.ವಿ. ಆರಿಸುವುದು ಅವರೇ. ಮಗ ಏನಾದರೂ ಕೇಳಿದರೆ ಕೈ ಎತ್ತಿ "ಐದು ನಿಮಿಷ" ಅಂತ ಬೆರಳು ತೋರಿಸುತ್ತಾರೆ.